ಸೇತುವೆ ಬಂದ ಮೇಲೆ ಬೇಕಾದ ಕಾಗದ

ನಾನು ಸಾಗರದಲ್ಲಿ ವಕೀಲೆ, ನೋಟರಿಯೂ ಹೌದು. ಕೋರ್ಟಿನ ಹತ್ತಿರ ಝೆರಾಕ್ಸ್ ಅಂಗಡಿಯ ಪಕ್ಕದ ಒಂದು ಕೋಣೆಯೇ ನನ್ನ ಆಫೀಸು. ನನ್ನ ಮೇಜಿಗೆ ಎಂಥ ಕಾಗದ ಬರುತ್ತವೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಸ್ಸೆಯ ಕರಡು, ಬಾಡಿಗೆ ಕರಾರು, ಹೆಸರು ತಿದ್ದುಪಡಿಯ ಅಫಿಡವಿಟ್ಟು, ಅಣ್ಣಂದಿರಿಗೆ ತಂಗಿ ಬರೆದುಕೊಡುವ ಹಕ್ಕು ಖುಲಾಸೆ. ಹೆಚ್ಚುಕಮ್ಮಿ ಎಲ್ಲದರ ಕೊನೆಯಲ್ಲೂ ಒಂದೇ ಸಾಲು ಇರುತ್ತದೆ: ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಬುದ್ಧಿಯಿಂದ, ಸ್ವಂತ ಇಚ್ಛೆಯಿಂದ ಬರೆದುಕೊಟ್ಟಿದ್ದೇನೆ.

ಕಳೆದ ವರ್ಷ ಮಳೆ ಕಡಿಮೆಯಾದ ಮೇಲೆ, ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯ ಒಬ್ಬ ಅಜ್ಜ ಬಂದರು. ಬರೆಯಲಾ ಅಂತ ಅವರನ್ನೇ ಕೇಳಿದ್ದೇನೆ. "ಬರಿ, ಹೆಸರು ಮಾತ್ರ ಬೇಡ. ನೆಂಟರು ಫೋನ್ ಮಾಡ್ತಾರೆ" ಅಂದರು. ಎಂಬತ್ತರ ಹತ್ತಿರದ ವಯಸ್ಸು. ಅನ್ನನಾಳದ ಕ್ಯಾನ್ಸರ್. ಅಡಿಕೆ ತೋಟದವರು, ಜೀವನವಿಡೀ ಕವಳ ಹಾಕಿದವರು. "ಬೆಳೆದಿದ್ದೂ ಅದೇ, ಜಗಿದಿದ್ದೂ ಅದೇ, ಈಗ ಯಾರ ಮೇಲೆ ಕೇಸ್ ಹಾಕ್ಲಿ?" ಅಂತ ನನ್ನನ್ನೇ ಕೇಳಿದರು. ಜೊತೆಗೆ ಮಗ ಬಂದಿದ್ದರು. ಇನ್ನು ಕಿಮೋ ಬೇಡ ಅಂತ ಡಾಕ್ಟರೂ ಅಜ್ಜನೂ ಒಟ್ಟಿಗೇ ತೀರ್ಮಾನ ಮಾಡಿ ಆಗಿತ್ತು.

ಅಜ್ಜ ಸುತ್ತಿ ಬಳಸಿ ಮಾತಾಡುವವರಲ್ಲ. "ಹೊರದೇಶದಲ್ಲಿ ಡಾಕ್ಟರೇ ಔಷಧ ಕೊಟ್ಟು ಕಳಿಸಿಕೊಡ್ತಾರಂತೆ. ಮೊಮ್ಮಗ ಮೊಬೈಲಲ್ಲಿ ತೋರಿಸಿದ. ನಂಗೂ ಹಂಗೊಂದು ಕಾಗದ ಮಾಡಿಕೊಡು."

ಮಗ ಕಿಟಕಿಯ ಹೊರಗೆ ನೋಡುತ್ತಿದ್ದರು.

ಹಾಗೊಂದು ಕಾಗದ ನಮ್ಮ ದೇಶದಲ್ಲಿ ಇಲ್ಲ, ಅಂದೆ. ಅಲ್ಲಿ ಏನಿದೆ ಅಂತಲೂ ನನಗೆ ತಿಳಿದಷ್ಟು ಹೇಳಿದೆ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ 1997ರಿಂದ ಇಂಥ ಕಾನೂನು ಜಾರಿಯಲ್ಲಿದೆ. ರೋಗಿಗೆ ಇನ್ನು ಆರು ತಿಂಗಳಿಗಿಂತ ಹೆಚ್ಚು ಆಯಸ್ಸಿಲ್ಲ ಅಂತ ಇಬ್ಬರು ಡಾಕ್ಟರು ಹೇಳಬೇಕು. ರೋಗಿ ಬಾಯಲ್ಲೂ ಕೇಳಬೇಕು, ಬರೆದೂ ಕೊಡಬೇಕು. ಡಾಕ್ಟರು ಚೀಟಿ ಬರೆಯಬಹುದು, ಆದರೆ ಔಷಧವನ್ನು ರೋಗಿಯೇ ತೆಗೆದುಕೊಳ್ಳಬೇಕು, ಡಾಕ್ಟರು ಕೈಯಾರೆ ಕೊಡುವಂತಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 2002ರಿಂದ ಡಾಕ್ಟರೇ ಕೊಡಬಹುದು. ಕೆನಡಾದಲ್ಲಿ 2016ರಲ್ಲಿ ಶುರುವಾಯಿತು. ಮೊದಲು ಸಾವು ಹತ್ತಿರ ಇದ್ದವರಿಗೆ ಮಾತ್ರ ಇತ್ತು. 2021ರಲ್ಲಿ ಸಾವು ಹತ್ತಿರ ಇಲ್ಲದ, ಆದರೆ ವಾಸಿಯಾಗದ ಕಾಯಿಲೆಯಿಂದ ನರಳುವವರಿಗೂ ವಿಸ್ತರಿಸಿದರು. ಸ್ವಿಟ್ಜರ್ಲೆಂಡಿನದು ಇನ್ನೊಂದು ಬಗೆ. ಅಲ್ಲಿ ಪ್ರತ್ಯೇಕ ಕಾನೂನು ಮಾಡಲೇ ಇಲ್ಲ. 1942ರಲ್ಲಿ ಜಾರಿಗೆ ಬಂದ ದಂಡ ಸಂಹಿತೆಯ 115ನೇ ಕಲಂ ಪ್ರಕಾರ, ಒಬ್ಬರ ಸಾವಿಗೆ ಸ್ವಾರ್ಥದಿಂದ ನೆರವಾದರೆ ಶಿಕ್ಷೆ. ಸ್ವಾರ್ಥ ಇಲ್ಲದಿದ್ದರೆ ಶಿಕ್ಷೆ ಇಲ್ಲ. ಆ ಸಂದಿಯಲ್ಲೇ ಎಲ್ಲ ನಡೆಯುತ್ತದೆ.

"ಸ್ವಾರ್ಥ ಇಲ್ಲ ಅಂತ ಹೆಂಗೆ ಗೊತ್ತಾಗತ್ತೆ?" ಅಂದರು ಅಜ್ಜ. ಒಳ್ಳೇ ಪ್ರಶ್ನೆ, ಅಲ್ವಾ? ನನಗೂ ಅದೇ ಪ್ರಶ್ನೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಯಾರಾದರೂ ಹಾಗೆ ನೆರವಾದರೆ ಅದು ಆತ್ಮಹತ್ಯೆಗೆ ಪ್ರಚೋದನೆ. ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಂ, ಹತ್ತು ವರ್ಷದ ತನಕ ಜೈಲು. ಡಾಕ್ಟರೇ ಇಂಜೆಕ್ಷನ್ ಕೊಟ್ಟರೆ ಕೇಸು ಇನ್ನೂ ದೊಡ್ಡದು. ನಮ್ಮಲ್ಲಿ ಇರುವುದು ಬೇರೆ ಹಕ್ಕು. ಯಂತ್ರ ಬೇಡ ಅನ್ನುವ ಹಕ್ಕು. ಮುಂದೆ ಪ್ರಜ್ಞೆ ತಪ್ಪಿದರೆ, ವಾಸಿಯಾಗುವ ಆಸೆ ಇಲ್ಲದಿದ್ದರೆ, ಇಂಥಿಂಥದ್ದು ನನಗೆ ಮಾಡಬೇಡಿ ಅಂತ ಈಗಲೇ ಬರೆದಿಡಬಹುದು. ಜನ ಅದನ್ನ ಲಿವಿಂಗ್ ವಿಲ್ ಅನ್ನುತ್ತಾರೆ. ಹಾಗಂತ ಯಾರೂ ಇಂಜೆಕ್ಷನ್ ಕೊಡುವುದಿಲ್ಲ. ಸಾವು ತಾನಾಗಿ ಬರುವಾಗ ಅಡ್ಡ ನಿಲ್ಲುವುದಿಲ್ಲ, ಅಷ್ಟೆ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. ಅವರು ಆಗ ಹೇಳಿದ್ದನ್ನು ನಾನು ಯಾವ ತೀರ್ಪಿನಲ್ಲೂ ಓದಿಲ್ಲ.

"ಸೇತುವೆ ಆಗೋಕೆ ಮುಂಚೆ ಈ ಕಾಗದ ನಂಗೆ ಬೇಕೇ ಇರ್ಲಿಲ್ಲ ಮಾರಾಯ್ತಿ. ಸಂಜೆ ಮೇಲೆ ಲಾಂಚ್ ಇಲ್ಲ. ರಾತ್ರಿ ಯಾರಿಗಾದ್ರೂ ಉಸಿರು ಕಟ್ಟಿದ್ರೆ ಮನೇಲೇ ಇರ್ಬೇಕು. ಬೆಳಿಗ್ಗೆ ತನಕ ಇದ್ರೆ ಸಾಗರ, ಇಲ್ದಿದ್ರೆ ತೋಟದ ಮೇಲಿನ ಬ್ಯಾಣದಲ್ಲಿ ಸುಡೋದು. ಈಗ ಹಂಗಲ್ಲ. ಫೋನ್ ಮಾಡಿದ್ರೆ ಆಂಬುಲೆನ್ಸ್ ಬರತ್ತೆ. ಎತ್ತಿ ಹಾಕ್ಕೊಂಡು ಹೋಗೇ ಹೋಗ್ತಾರೆ."

ಶರಾವತಿ ಹಿನ್ನೀರಿನ ಆಚೆಯವರಿಗೆ ಈ ಮಾತಿನ ತೂಕ ಗೊತ್ತು. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಅಜ್ಜ ಆಗ ಹುಡುಗ. ಊರು ಮುಳುಗಿತು, ಉಳಿದ ದಿಬ್ಬದ ಮೇಲೆ ಮತ್ತೆ ಮನೆ ಕಟ್ಟಿದರು. ಆಮೇಲೆ ಆರು ದಶಕ ಆ ಜನ ಹೊಳೆ ದಾಟಲು ಲಾಂಚನ್ನೇ ಕಾದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಆ ಭಾಗದ ಗರ್ಭಿಣಿಯರಿಗೆ, ಹಾವು ಕಚ್ಚಿದವರಿಗೆ, ಎದೆನೋವಿನವರಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ನಾನು ಹೇಳಬೇಕಾಗಿಲ್ಲ. ಅಜ್ಜನೂ ಸೇತುವೆ ಬೇಡ ಅನ್ನುತ್ತಿರಲಿಲ್ಲ. ಮೊದಲು ದಾರಿ ಇರಲಿಲ್ಲ, ಅದಕ್ಕೇ ಯಾರೂ ಯಾವುದನ್ನೂ ನಿರ್ಧರಿಸಬೇಕಾಗಿರಲಿಲ್ಲ. ಈಗ ದಾರಿ ಇದೆ. ಹೋಗುವುದಿಲ್ಲ ಅಂತ ನಿರ್ಧರಿಸಬೇಕು. ಹಾಗೆ ನಿರ್ಧರಿಸಿದ ಮಗನಿಗೆ ಹದಿಮೂರನೇ ದಿನದ ಊಟಕ್ಕೆ ಬಂದವರೆಲ್ಲ ಕೇಳುವುದು ಒಂದೇ: "ಆಸ್ಪತ್ರೆಗೆ ಸೇರಿಸ್ಲಿಲ್ವಾ?"

ಯಂತ್ರ ಬೇಡ ಅನ್ನುವ ಈ ಹಕ್ಕು ಬಂದದ್ದೇ ನಮ್ಮ ಸೀಮೆಯ ಒಬ್ಬ ಹೆಣ್ಣುಮಗಳಿಂದ ಅಂತ ಅಜ್ಜನಿಗೆ ಹೇಳಿದೆ. ಸಾಗರದಿಂದ ತಾಳಗುಪ್ಪ, ಜೋಗ ದಾಟಿ ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ. ಅದರ ಹತ್ತಿರದ ಹಳದೀಪುರದವರು ಅರುಣಾ ಶಾನಭಾಗ್. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅಲ್ಲಿನ ಒಬ್ಬ ಕೆಲಸಗಾರ ಅವರ ಮೇಲೆ ಎರಗಿ, ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದ. ಮಿದುಳು ಹಾಳಾಯಿತು. 2015ರ ಮೇ 18ರಂದು ತೀರಿಕೊಳ್ಳುವ ತನಕ, ಅಂದರೆ 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕು ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಬೇಡ, ನಾವು ನೋಡಿಕೊಳ್ಳುತ್ತೇವೆ ಅಂತ ಹಠ ಹಿಡಿದವರು ಅಲ್ಲಿನ ನರ್ಸ್‌ಗಳು. 2011ರ ಮಾರ್ಚ್ 7ರಂದು ಕೋರ್ಟು ಅರುಣಾ ವಿಷಯದಲ್ಲಿ ಒಪ್ಪಲಿಲ್ಲ. ಆದರೆ ಇಂಥ ಸ್ಥಿತಿಯಲ್ಲಿ ಹೈಕೋರ್ಟಿನ ಅನುಮತಿ ಪಡೆದು ಚಿಕಿತ್ಸೆ ನಿಲ್ಲಿಸಬಹುದು ಅಂತ ಬಾಗಿಲು ತೆರೆಯಿತು.

ನನಗೆ ಆ ಕೇಸಿನಲ್ಲಿ ತೀರ್ಪಿಗಿಂತ ಜಾಸ್ತಿ ಕಾಡುವುದು ಆ ನರ್ಸ್‌ಗಳು. ಅರುಣಾ ಹಾಸಿಗೆ ಹಿಡಿದಾಗ ಇದ್ದವರು ನಿವೃತ್ತರಾಗಿ, ಹೊಸಬರು ಬಂದು, ಅವರೂ ನೋಡಿಕೊಂಡರು. ಅಷ್ಟು ವರ್ಷ ಮಲಗಿದ್ದರೂ ಹಾಸಿಗೆ ಹುಣ್ಣು ಆಗದ ಹಾಗೆ ಕಾಪಾಡಿದರು ಅಂತ ತೀರ್ಪಿನಲ್ಲೇ ಹೊಗಳಿದ್ದಾರೆ. ಅಷ್ಟು ಆರೈಕೆ ನಮ್ಮೂರಲ್ಲಿ ಯಾರಿಗೆ ಸಿಗುತ್ತದೆ?

ಕಾನೂನಿನ ಉಳಿದ ಕಥೆ ಬೇಗ ಮುಗಿಸುತ್ತೇನೆ. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಒಳಗೇ ಬರುತ್ತದೆ ಅಂದಿತು. ಮುಂಗಡ ನಿರ್ದೇಶನಕ್ಕೆ, ಅಂದರೆ ಲಿವಿಂಗ್ ವಿಲ್‌ಗೆ, ಒಪ್ಪಿಗೆ ಕೊಟ್ಟಿತು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಕ್ಯಾನ್ಸರ್ ಇರುವವರನ್ನು ಚೆಕ್ ಬೌನ್ಸ್ ಕೇಸುಗಳ ಸಾಲಿನಲ್ಲಿ ಯಾರು ಕೂರಿಸುತ್ತಾರೆ? 2023ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಅಂದರು. ನನ್ನ ಪಾತ್ರ ಬಂದದ್ದು ಹೀಗೆ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಪಕ್ಕದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಟ್ಟಲೆ ಪತ್ರ ಬರೆದವರು. ಆಗ ಎಲ್ಲ ಪತ್ರಿಕೆಗಳಲ್ಲೂ ಅವರ ಸುದ್ದಿ ಬಂದಿತ್ತು. ಅಜ್ಜನೂ ಓದಿದ್ದರು. "ಹೆಂಗಸು ಗಟ್ಟಿ ಇದಾರೆ" ಅಂದರು.

ಕಾಗದ ಮಾಡಿದರೆ ಮುಗಿಯಲಿಲ್ಲ. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡುವ ಡಾಕ್ಟರ ಜೊತೆ ಇಬ್ಬರು ತಜ್ಞರ ಮಂಡಳಿ ಕೂರಬೇಕು. ಅವರು ಒಪ್ಪಿದರೆ ಎರಡನೇ ಮಂಡಳಿ. ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಡಾಕ್ಟರು. ಎರಡೂ ಸಾಧ್ಯವಾದರೆ 48 ಗಂಟೆಯೊಳಗೆ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆಮೇಲೆ ಯಂತ್ರ ತೆಗೆಯಬಹುದು.

ಇಷ್ಟೆಲ್ಲಕ್ಕೆ ಕಾದು ಕೂರದೆ ನಮ್ಮ ಕಡೆ ನಡೆದು ಬಂದಿರುವುದು ಬೇರೆಯೇ. ಐಸಿಯುನಲ್ಲಿ ದುಡ್ಡೂ ಆಸೆಯೂ ಮುಗಿದ ಮೇಲೆ "ಮನೆಗೆ ಕರ್ಕೊಂಡು ಹೋಗಿ" ಅನ್ನುತ್ತಾರೆ. ಡಾಕ್ಟರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತಿದ್ದೇವೆ ಅಂತ ಮನೆಯವರ ಹತ್ತಿರ ಬರೆಸಿಕೊಳ್ಳುತ್ತಾರೆ. ನಮ್ಮ ಮಾವನವರನ್ನೂ ಹಾಗೇ ಘಟ್ಟದ ಕೆಳಗಿನ ಒಂದು ಆಸ್ಪತ್ರೆಯಿಂದ ರಾತ್ರಿ ತಂದೆವು. ತಿರುವು ತಿರುವಿಗೂ ಆಂಬುಲೆನ್ಸಿನ ಹುಡುಗನೊಬ್ಬ ಉಸಿರು ಕೊಡುವ ಬಲೂನು ಒತ್ತುತ್ತಾ ಬಂದ. ಮನೆಯ ಜಗುಲಿಯಲ್ಲಿ ಮಲಗಿಸಿ, ಪೈಪು ತೆಗೆದು, ಅವನು ಬಾಡಿಗೆ ಲೆಕ್ಕ ಮಾಡುವಾಗ ಅತ್ತೆ ಬಾಯಿಗೆ ಗಂಗಾಜಲ ಬಿಟ್ಟರು. ಯಾವ ಮಂಡಳಿಯೂ ಇಲ್ಲ, ಯಾವ ಮ್ಯಾಜಿಸ್ಟ್ರೇಟರೂ ಇಲ್ಲ. ನೋವಿಗೆ ಒಂದು ಮಾತ್ರೆಯನ್ನೂ ಕಳಿಸಿರಲಿಲ್ಲ. ಅದರ ಮೇಲೆ ನನಗೆ ಈಗಲೂ ಸಿಟ್ಟಿದೆ. ಕರೆದುಕೊಂಡು ಹೋಗಿ ಅಂದದ್ದಕ್ಕಲ್ಲ, ಬರಿಗೈಯಲ್ಲಿ ಕಳಿಸಿದ್ದಕ್ಕೆ.

ಮಾರ್ಫಿನ್ ಕಥೆ ಹೇಳದಿದ್ದರೆ ಈ ವಿಷಯ ಅರ್ಧವೇ. ಭಾರತದಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುತ್ತಾರೆ, ಹೊರದೇಶದ ಔಷಧ ಕಂಪನಿಗಳಿಗೂ ಹೋಗುತ್ತದೆ. ಮಾರ್ಫಿನ್ ಮಾತ್ರೆ ಅಂಥ ದುಬಾರಿಯೂ ಅಲ್ಲ. ಆದರೆ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಅಷ್ಟೊಂದು ಲೈಸೆನ್ಸ್, ಅಷ್ಟೊಂದು ಶಿಕ್ಷೆ ಅಂತ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿ ಸುಲಭ ಮಾಡಿದರು. ಹೆದರಿಕೆ ಮಾತ್ರ ಹಾಗೇ ಉಳಿಯಿತು. ಅಜ್ಜನ ಮಗಳು ಮಾತ್ರೆ ತರಲು ಬಸ್ಸು ಹತ್ತಿ ದೊಡ್ಡ ಊರಿಗೇ ಹೋಗಬೇಕು. ಕೇರಳದಲ್ಲಿ ಊರೂರಿನ ಜನರೇ ಸೇರಿ, ಹಾಸಿಗೆ ಹಿಡಿದವರ ಮನೆಗೆ ನರ್ಸ್ ಬರುವಂತೆ ಮಾಡಿಕೊಂಡಿದ್ದಾರೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಾರೆ. ಆದರೆ ತುಮರಿಯಿಂದ ಬೆಂಗಳೂರು ಎಲ್ಲಿ?

ಇನ್ನು ಆ ಸ್ವಾರ್ಥದ ಪ್ರಶ್ನೆ.

ಯಾರಾದರೂ ಮಗನ ಜೊತೆ ಸಹಿ ಹಾಕಲು ಬಂದರೆ ನಾನು ಒಂದು ಕೆಲಸ ಮಾಡುತ್ತೇನೆ. ಆಧಾರ್ ಕಾರ್ಡಿನ ಎರಡೂ ಕಡೆ ಝೆರಾಕ್ಸ್ ಬೇಕು ಅಂತ ಮಗನನ್ನು ಹೊರಗೆ ಕಳಿಸುತ್ತೇನೆ. ಅಂಗಡಿ ಪಕ್ಕದಲ್ಲೇ ಇದ್ದರೂ ಅಲ್ಲಿ ಯಾವತ್ತೂ ಸಾಲು ಇರುತ್ತದೆ. ಆ ಹೊತ್ತಿನಲ್ಲಿ ಕೇಳಬೇಕಾದ್ದನ್ನು ಕೇಳುತ್ತೇನೆ. ಅಜ್ಜನನ್ನೂ ಕೇಳಿದೆ: ಇದು ನಿಮ್ಮದೇ ಯೋಚನೆಯಾ?

"ನನ್ನದೇ. ಆದ್ರೆ ಸುಳ್ಳು ಹೇಳಲ್ಲ. ಸೊಸೆಗೆ ಭಾರ ಆಗ್ತಿದೀನಿ ಅಂತಲೂ ಅದರಲ್ಲಿ ಒಂದು ಪಾಲಿದೆ. ಅದು ತಪ್ಪಾ?"

ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಓರೆಗಾನ್‌ನಲ್ಲಿ ಪ್ರತಿ ವರ್ಷ ವರದಿ ಹೊರತರುತ್ತಾರೆ. ಜನ ಯಾಕೆ ಈ ದಾರಿ ಹಿಡಿದರು ಅಂತ ಅದರಲ್ಲಿರುತ್ತದೆ. ನೋವು ಅಥವಾ ನೋವಿನ ಭಯ ಅಂದವರಿಗಿಂತ, ಮನೆಯವರಿಗೆ ಭಾರ ಆಗುತ್ತೇನೆ ಅಂದವರೇ ಹೆಚ್ಚು. ಅದಕ್ಕಿಂತಲೂ ಹೆಚ್ಚು ಜನ ಹೇಳುವುದು, ಬದುಕು ನನ್ನ ಕೈ ತಪ್ಪಿ ಹೋಗುತ್ತಿದೆ ಅಂತ. ಇನ್ನೂ ಒಂದು ವಿಷಯ: ಔಷಧದ ಚೀಟಿ ಪಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಅದನ್ನು ತೆಗೆದುಕೊಳ್ಳುವುದೇ ಇಲ್ಲ. ಕೈಯಲ್ಲಿದೆ ಅನ್ನುವ ಧೈರ್ಯವೇ ಕೆಲವರಿಗೆ ಸಾಕಾಗುತ್ತದೇನೋ. ಇದನ್ನು ಕೇಳಿ ಅಜ್ಜ, "ನಾನೂ ಆ ಮೂರನೆಯವನೇ ಆಗ್ತಿದ್ನೇನೋ" ಅಂದರು.

ಅಜ್ಜನಂಥವರ ವಿಷಯದಲ್ಲಿ ನನಗೆ ಅಂಜಿಕೆ ಇಲ್ಲ. ಅವರಿಗೆ ಆ ಕಾಗದ ಸಿಗಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ತೋಟ ಅವರ ಹೆಸರಲ್ಲಿದೆ. ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ನನ್ನ ಅಂಜಿಕೆ ಇರುವುದು ಹಕ್ಕು ಖುಲಾಸೆಗೆ ಸಹಿ ಹಾಕಲು ಬರುವ ಹೆಂಗಸರ ಬಗ್ಗೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. ಬಂದ ಪಾಲನ್ನು ಬಿಟ್ಟುಕೊಡಲು ಅವರೇ ಸಾಲಾಗಿ ನನ್ನ ಮೇಜಿಗೆ ಬರುತ್ತಾರೆ. ಝೆರಾಕ್ಸಿಗೆ ಅಣ್ಣನನ್ನು ಕಳಿಸಿ ಕೇಳುತ್ತೇನೆ. ಒತ್ತಾಯ ಇದೆಯಾ? "ಛೇ, ಇಲ್ಲಪ್ಪ. ಅಣ್ಣ ಕೇಳಿದ್ದೇ ಇಲ್ಲ. ನಾನೇ ಬರೀರಿ ಅಂದೆ. ತವರು ಮನೆ ಬೇಕಲ್ವಾ?" ನಿಜ, ಒತ್ತಾಯ ಇಲ್ಲ. ಕೇಳುವ ಮೊದಲೇ ಕೊಟ್ಟುಬಿಡುವ ಅಭ್ಯಾಸ ಅವರಿಗೆ ಮೈಗೂಡಿದೆ. ನನ್ನ ಸೀಲು ಅದನ್ನು ಹಿಡಿಯುವುದಿಲ್ಲ. ಇಬ್ಬರು ಡಾಕ್ಟರು ಬಂದರೂ ಹಿಡಿಯುತ್ತಾರಾ? ಮಲೆನಾಡಿನ ಯಾವ ಮನೆಯ ಅಡುಗೆಮನೆಯಲ್ಲಿ ಕೂತರೂ, ಎಪ್ಪತ್ತು ದಾಟಿದ ಹೆಂಗಸು ದಿನಕ್ಕೊಂದು ಸಲವಾದರೂ "ನಾ ಯಾರಿಗೂ ಭಾರ ಆಗಬಾರ್ದು ದೇವರೇ" ಅನ್ನುತ್ತಾಳೆ. ಅಂಥವಳ ಮುಂದೆ ಫಾರಂ ಇಟ್ಟರೆ, ಸಂಜೆಯ ಹಾಲು ಕರೆಯುವ ಮೊದಲೇ ಸಹಿ ಹಾಕಿ ಕೊಡುತ್ತಾಳೆ.

ಹಾಗಾದರೆ ಕಾನೂನೇ ಬೇಡವಾ? ಅಷ್ಟು ಸುಲಭ ಅಲ್ಲ. ಸಾವನ್ನು ಆರಿಸಿಕೊಳ್ಳುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ನನ್ನ ತವರು ರಿಪ್ಪನ್‌ಪೇಟೆ. ಹತ್ತಿರದಲ್ಲೇ ಹೊಂಬುಜ. ಸಲ್ಲೇಖನ, ಅಂದರೆ ಊಟ ಬಿಟ್ಟು ಸಾವನ್ನು ಬರಮಾಡಿಕೊಳ್ಳುವ ಜೈನರ ವ್ರತ, ಮಾಡಿ ದೇಹ ಬಿಟ್ಟವರ ನೆನಪಿನ ನಿಸಿಧಿ ಕಲ್ಲುಗಳು ಅಲ್ಲಿವೆ, ಶಾಲೆಯಿಂದ ಕರೆದುಕೊಂಡು ಹೋಗಿ ತೋರಿಸಿದ್ದರು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಅಂತ ಹೇಳಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅಂದರೆ ವ್ರತ ಹಿಡಿದವರಿಗೆ ಒಂದು ದಾರಿ ಇದೆ, ಕವಳ ಹಾಕಿ ಗಂಟಲು ಸುಟ್ಟುಕೊಂಡ ಅಜ್ಜನಿಗೆ ಇಲ್ಲ. ಇದು ನ್ಯಾಯವಾ ಅಂತ ಅಜ್ಜ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾನೂನು ಬಂದರೆ ಸಾಕ್ಷಿಯ ಸಾಲನ್ನಾದರೂ ಗಟ್ಟಿಯಾಗಿ ಬರೆಯಲಿ. ಓರೆಗಾನ್‌ನಲ್ಲಿ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾದರೂ ಸಂಬಂಧಿ ಆಗಿರಬಾರದು, ಆಸ್ತಿಯಲ್ಲಿ ಏನೂ ಸಿಗುವವರಾಗಿರಬಾರದು. ನಮ್ಮ ಮುಂಗಡ ನಿರ್ದೇಶನದ ನಿಯಮದಲ್ಲಿ, ಸಾಕ್ಷಿಗಳು ಹೊರಗಿನವರಾದರೆ ಒಳ್ಳೆಯದು ಅಂತಷ್ಟೇ ಇದೆ. ಆದರೆ ಒಳ್ಳೆಯದು ಅಂತ ಬರೆದದ್ದನ್ನು ನಮ್ಮಲ್ಲಿ ಯಾರೂ ಪಾಲಿಸುವುದಿಲ್ಲ. ಮತ್ತು ಇಂಥ ಕಾಗದಕ್ಕೆ ಸಹಿ ಹಾಕಿಸುವ ಮೊದಲು ಆ ಮನೆಗೆ ಒಂದು ಸಲ ನರ್ಸ್ ಹೋಗಿ ಬಂದಿರಬೇಕು, ಮಾರ್ಫಿನ್ ಕೊಟ್ಟು ನೋಡಿರಬೇಕು ಅಂತ ಬರೆಯಲಿ. ನೋವು ಇಳಿದ ಮೇಲೂ ಬೇಕು ಅಂದರೆ ಆಗ ಅದು ಅವರ ಮಾತು.

ಅಜ್ಜನ ಕಾಗದ ಆಯಿತು. ಗಂಟಲಿಗೆ ಪೈಪು ಬೇಡ, ವೆಂಟಿಲೇಟರ್ ಬೇಡ, ಹೃದಯ ನಿಂತರೆ ಎದೆ ಒತ್ತುವುದು ಬೇಡ. ನೋವಿಗೆ ಔಷಧ ಬೇಕು, ಮನೆಯಲ್ಲೇ ಇರಬೇಕು. ತೀರ್ಮಾನ ಹೇಳುವವರಾಗಿ ಮಗನ ಜೊತೆ ಮಗಳ ಹೆಸರನ್ನೂ ಸೇರಿಸಿದರು. "ಅವನು ಅಳ್ತಾನೆ, ಅವಳು ಮಾತಾಡ್ತಾಳೆ" ಅಂದರು. ಒಂದು ಪ್ರತಿ ಅವರ ಡಾಕ್ಟರಿಗೆ, ಒಂದು ಮಗಳ ಹತ್ತಿರ. ಇನ್ನೊಂದನ್ನು ಸ್ಥಳೀಯ ಸಂಸ್ಥೆಗೆ ಕೊಡಬೇಕು ಅಂತ ನಿಯಮ. ಪಂಚಾಯ್ತಿಯಿಂದ ನನಗೇ ಫೋನ್ ಬಂತು: "ಮೇಡಂ, ಇದನ್ನ ಯಾವ ಸಾಫ್ಟ್‌ವೇರಲ್ಲಿ ಹಾಕೋದು? ಇ-ಸ್ವತ್ತಲ್ಲಿ ಕಾಲಂ ಇಲ್ಲ." ಪಾಪ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆದುಕೊಳ್ಳಿ, ಕಾಗದವನ್ನು ಬೀರುವಿನಲ್ಲಿಡಿ ಅಂದೆ. ನಂಬರ್ ಒಂದು ಅಂತ ಹಾಕಿಕೊಂಡಿದ್ದಾರೆ.

ಈ ವಾರ ಅಜ್ಜ ಮತ್ತೆ ಫೋನ್ ಮಾಡಿದ್ದರು. ಧ್ವನಿ ಸಣ್ಣಗಾಗಿದೆ, ಮಾತು ಸಣ್ಣಗಾಗಿಲ್ಲ. ಎರಡನೇ ಸಾಕ್ಷಿ ಬೇಲಿ ವಿಷಯಕ್ಕೆ ಜಗಳ ತೆಗೆದಿದ್ದಾನಂತೆ, ಅವನ ಹೆಸರು ತೆಗೆಯಬೇಕಂತೆ. ಇದರಲ್ಲಿ ಯಾವಾಗ ಬೇಕಾದರೂ ಬದಲಾವಣೆ ಮಾಡಬಹುದು, ಹೊಸದಾಗಿ ಬರೆಯೋಣ, ಬೇರೆ ಸಾಕ್ಷಿ ಹುಡುಕಿಡಿ ಅಂದೆ. ಇನ್ನು ಅವರು ಇಲ್ಲಿಗೆ ಬರುವುದು ಕಷ್ಟ. ಬುಧವಾರ ಕೋರ್ಟು ಮುಗಿಸಿ ಸೀಲು, ರಿಜಿಸ್ಟರು ತೆಗೆದುಕೊಂಡು ನಾನೇ ಹೋಗುತ್ತಿದ್ದೇನೆ. ಆ ಕಡೆ ಯಾರಿಗಾದರೂ ಅಫಿಡವಿಟ್ಟು ಗಿಫಿಡವಿಟ್ಟು ಬೇಕಿದ್ದರೆ ಅದೇ ದಿನ ಆಧಾರ್ ಝೆರಾಕ್ಸ್ ಮಾಡಿಸಿ ಇಟ್ಟುಕೊಂಡಿರಿ.